ಹೋಟೆಲಿನಲ್ಲಿ ಆಳು ಏಕೆ ನಿಲ್ಲುವುದಿಲ್ಲ

ಹೋಟೆಲುಗಳಲ್ಲಿ ಕೆಲಸಗಾರರು ಪದೇಪದೇ ಬದಲಾಗುವುದಕ್ಕೆ ಹುಡುಗರ ಚಂಚಲತೆಯೇ ಕಾರಣವೆಂದು ಮಾಲೀಕರು ಸಾಮಾನ್ಯವಾಗಿ ಹೇಳುತ್ತಾರಾದರೂ, ರಾಯಚೂರು ನಗರದಲ್ಲಿಯೂ ಕಲ್ಮಲದ ಮೂಲಕ ಮಾನ್ವಿ, ದೇವದುರ್ಗಗಳತ್ತ ಸಾಗುವ ರಸ್ತೆಗಳ ಬದಿಯಲ್ಲಿಯೂ ಇರುವ ಖಾನಾವಳಿ, ಧಾಬಾ, ಉಡುಪಿ ಹೋಟೆಲುಗಳ ದಿನಚರಿಯನ್ನು ಗಮನಿಸಿದರೆ, ದೋಷವಿರುವುದು ಆಳಿನ ಸ್ವಭಾವದಲ್ಲಲ್ಲ, ಕೆಲಸದ ಏರ್ಪಾಡಿನಲ್ಲಿ.

ಈ ಏರ್ಪಾಡಿನ ಮೂಲ ಒಡೆದ ಪಾಳಿ, ಅಂದರೆ ಬೆಳಗಿನ ತಿಂಡಿಗೂ ರಾತ್ರಿಯ ಊಟಕ್ಕೂ ಒಬ್ಬನೇ ಆಳನ್ನು ದುಡಿಸಿ ನಡುವೆ ಕೆಲವು ಗಂಟೆ ಬಿಡುವು ಕೊಡುವ ಕ್ರಮ. ಇಡ್ಲಿ ಹಬೆಗಿಡಲು ನಸುಕಿನಲ್ಲಿ ಎದ್ದವನು ಕೊನೆಯ ಗಿರಾಕಿ ಹೋದ ಮೇಲೆ ಮೇಜು ಒರೆಸಿ ಮಲಗುತ್ತಾನೆ. ಮಧ್ಯಾಹ್ನದ ಬಿಡುವು ಊರಿಗೆ ಹೋಗಿಬರಲು ಸಾಲದೆ ಅಟ್ಟದ ಮೇಲಿನ ಚಾಪೆಯಲ್ಲೇ ಕಳೆಯುತ್ತದೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ಹೋಟೆಲುಗಳಿಗೂ ಅನ್ವಯಿಸಿ, ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿಯನ್ನೂ ವಾರದ ರಜೆಯನ್ನೂ ವಿಧಿಸಿದೆ; ಆದರೆ ಬಿಡುವು ದುಡಿಮೆಯ ಲೆಕ್ಕಕ್ಕೆ ಸೇರದ ಕಾರಣ, ಮಿತಿ ಪಾಲನೆಯಾದಲ್ಲಿಯೂ ಇಡೀ ಹಗಲು ಹೋಟೆಲಿನ ವಶವಾಗುತ್ತದೆ. ಮೊಹರಂ, ಯುಗಾದಿಗೆ ಊರಿಗೆ ಹೋಗಬೇಕೆಂದರೆ ವ್ಯಾಪಾರ ಜೋರಾಗಿರುವುದೂ ಆಗಲೇ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಸೀಮೆಯಲ್ಲಿ ಒಲೆಯ ಮುಂದೆ ನಿಲ್ಲುವವನ ಪಾಡು ಒಂದಾದರೆ, ದಿನವಿಡೀ ಸೋಪಿನ ನೀರಿನಲ್ಲಿ ತಟ್ಟೆ ತೊಳೆದು ಬೆರಳ ಸಂದಿನ ಚರ್ಮ ಬಿರಿದವನ ಪಾಡು ಇನ್ನೊಂದು.

ಇಷ್ಟೆಲ್ಲ ಸಹಿಸಿದವನಿಗೆ ಮುಂದಿನ ದಾರಿಯೂ ಕಿರಿದು. ಎಂಜಲು ತೆಗೆಯುವ ಕ್ಲೀನರ್ ತಿಂಡಿ ಬಡಿಸುವ ಸಪ್ಲಾಯರ್ ಆಗಬಹುದು. ಆದರೆ ಕರಾವಳಿ ಮೂಲದವರು ನಡೆಸುವ ಅನೇಕ ಹೋಟೆಲುಗಳಲ್ಲಿ ಅಡುಗೆಯ ವಿದ್ಯೆ ಬಂಧುಬಳಗದೊಳಗೇ ಉಳಿದು, ಗಲ್ಲಾಪೆಟ್ಟಿಗೆ ಮನೆಯವರ ಕೈಯಲ್ಲಿಯೇ ಇರುವುದರಿಂದ ದೇವದುರ್ಗದ ಹುಡುಗ ಅಲ್ಲಿಗೇ ನಿಲ್ಲಬೇಕಾಗುತ್ತದೆ. ಅತ್ತ ಹತ್ತಿ ಬಿಡಿಸುವ, ಭತ್ತ ಕೊಯ್ಯುವ ಕಾಲಕ್ಕೆ ಹೊಲ ಕರೆಯುತ್ತದೆ. ಮಳೆ ಕೈಕೊಟ್ಟರೆ ಮನೆಮಂದಿಯೆಲ್ಲ ಗುಳೆ ಹೊರಡುತ್ತಾರೆ, ಅಂದರೆ ದುಡಿಮೆ ಅರಸಿ ಬೆಂಗಳೂರಿನಂಥ ನಗರಗಳ ಕಟ್ಟಡ ಕೆಲಸಕ್ಕೆ ವಲಸೆ ಹೋಗುತ್ತಾರೆ, ಹೋಟೆಲಿನ ಹುಡುಗನೂ ಅವರ ಜೊತೆ ಸೇರುತ್ತಾನೆ.

ಅವನನ್ನು ಹಿಡಿದಿಡಬಲ್ಲ ಸೌಲಭ್ಯಗಳು ಇಲ್ಲವೆಂದಲ್ಲ. 1972ರ ಉಪಧನ ಕಾಯ್ದೆಯು ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳಲ್ಲಿ, ಸತತ ಐದು ವರ್ಷ ಸೇವೆ ಸಲ್ಲಿಸಿ ಬಿಡುವವನಿಗೆ ವರ್ಷಕ್ಕೆ 15 ದಿನಗಳ ವೇತನದ ಲೆಕ್ಕದಲ್ಲಿ ಇಡಿಗಂಟು ಕೊಡಬೇಕೆಂದು ವಿಧಿಸಿತು. ಆದರೆ ನೇಮಕದ ಪತ್ರವಾಗಲಿ ಹಾಜರಿ ಪುಸ್ತಕದಲ್ಲಿ ಹೆಸರಾಗಲಿ ಇಲ್ಲದೆ, ಸಂಬಳವನ್ನು ಕೈಗೇ ಎಣಿಸಿಕೊಂಡ ಸಪ್ಲಾಯರನಿಗೆ ತಾನು ಆ ಐದು ವರ್ಷ ಅಲ್ಲಿ ದುಡಿದದ್ದನ್ನು ಸಾಬೀತುಪಡಿಸುವುದೇ ಕಷ್ಟವಾಗುತ್ತದೆ.