45ಕ್ಕೆ 38: ಪಿಯುಸಿ ಕಣ್ಣಿಗೆ ಕಾಣದ ಲೆಕ್ಕ

ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್, ಅಂದರೆ ಐಬಿ ಡಿಪ್ಲೊಮಾದ ಮೇ ಪರೀಕ್ಷೆಯ ಫಲಿತಾಂಶ ಸಾಮಾನ್ಯವಾಗಿ ಜುಲೈ 5ರಂದು ಹೊರಬೀಳುತ್ತದೆ. ಅದರ ಬೆನ್ನಿಗೇ ಶಾಲೆಗಳ ಜಾಹೀರಾತು ಶುರು: ಮಕ್ಕಳ ನಗುಮುಖ, ಪಕ್ಕದಲ್ಲಿ ದಪ್ಪಕ್ಷರದಲ್ಲಿ 43, 44, 45. ಪಿಯುಸಿ, ಸಿಇಟಿ, ರ‍್ಯಾಂಕು, ಸೀಟು ಎಂಬ ಸರಪಳಿಯಲ್ಲೇ ಬೆಳೆದ ನಾವು ಈ ಅಂಕಿಗಳನ್ನೂ ಅದೇ ಕಣ್ಣಿನಿಂದ ಓದುತ್ತೇವೆ. ಎಡವುವುದು ಅಲ್ಲೇ.

ತಪ್ಪು ಕಲ್ಪನೆ: 45ಕ್ಕೆ 38 ಎಂದರೆ ಶೇ 84.

ವಾಸ್ತವ: ಭಾಗಾಕಾರ ಸರಿ, ಅರ್ಥ ತಪ್ಪು. ಐಬಿಯಲ್ಲಿ ಆರು ವಿಷಯ, ಒಂದೊಂದಕ್ಕೂ 1ರಿಂದ 7ರವರೆಗೆ ಗ್ರೇಡ್. ಅಲ್ಲಿಗೆ 42. ಉಳಿದ 3 ಅಂಕ ಬರುವುದು ‘ಥಿಯರಿ ಆಫ್ ನಾಲೆಜ್’ ಮತ್ತು 4,000 ಪದಗಳವರೆಗಿನ ‘ಎಕ್ಸ್‌ಟೆಂಡೆಡ್ ಎಸ್ಸೆ’ ಇವೆರಡನ್ನೂ ಸೇರಿಸಿ. ಎರಡರಲ್ಲೂ ಬಿ ಬಂದರೆ 2, ಒಂದರಲ್ಲಿ ಎ ಇನ್ನೊಂದರಲ್ಲಿ ಬಿ ಬಂದರೆ 3. ಇನ್ನು 7 ಎಂದರೆ ನೂರಕ್ಕೆ ನೂರಲ್ಲ. ಯಾವ ಗ್ರೇಡಿಗೆ ಎಷ್ಟು ಅಂಕ ಬೇಕೆಂಬುದನ್ನು ಪ್ರತಿ ಪರೀಕ್ಷೆಯ ನಂತರ ಪ್ರಶ್ನೆಪತ್ರಿಕೆಯ ಕಾಠಿಣ್ಯ ನೋಡಿ ತೀರ್ಮಾನಿಸುತ್ತಾರೆ. ಕೆಲವು ವಿಷಯಗಳಲ್ಲಿ ನೂರಕ್ಕೆ ಎಪ್ಪತ್ತರ ಆಸುಪಾಸು ತೆಗೆದವರಿಗೂ 7 ಸಿಗುತ್ತದೆ. ಪ್ರಪಂಚದಾದ್ಯಂತದ ಸರಾಸರಿ 30ರ ಹತ್ತಿರ ಇರುತ್ತದೆ. ಆಕ್ಸ್‌ಫರ್ಡ್ ಕೇಳುವುದೇ ಸಾಮಾನ್ಯವಾಗಿ 38ರಿಂದ 40. ‘ಬರೀ 84 ಪರ್ಸೆಂಟಾ?’ ಎಂದು ಮುಖ ಸಿಂಡರಿಸುವ ಬಂಧುಗಳಿಗೆ ಇಷ್ಟು ಹೇಳಿದರೆ ಸಾಕು.

ತಪ್ಪು ಕಲ್ಪನೆ: ಫಲಿತಾಂಶ ಬಂದ ಮೇಲೆ ಪ್ರವೇಶದ ಓಡಾಟ ಶುರು.

ವಾಸ್ತವ: ಜುಲೈ ಹೊತ್ತಿಗೆ ಓಡಾಟ ಬಹುಪಾಲು ಮುಗಿದಿರುತ್ತದೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಯುಕ್ಯಾಸ್ ಎಂಬ ಕೇಂದ್ರೀಯ ವ್ಯವಸ್ಥೆಯ ಮೂಲಕ ಅರ್ಜಿ ಹಾಕಬೇಕು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮತ್ತು ವೈದ್ಯಕೀಯಕ್ಕೆ ಹಿಂದಿನ ವರ್ಷದ ಅಕ್ಟೋಬರ್ 15ರೊಳಗೆ, ಉಳಿದ ಹೆಚ್ಚಿನ ಕೋರ್ಸುಗಳಿಗೆ ಜನವರಿಯೊಳಗೆ. ಅಮೆರಿಕದಲ್ಲಿ ಮಾರ್ಚ್ ಕೊನೆಗೆಲ್ಲ ಉತ್ತರ ಬಂದು, ಮೇ 1ರೊಳಗೆ ಮುಂಗಡ ಕಟ್ಟಿಯೂ ಆಗಿರುತ್ತದೆ. ಹಾಗಾದರೆ ಯಾವ ಅಂಕ ನೋಡಿ ಸೀಟು ಕೊಡುತ್ತಾರೆ? ಶಾಲೆಯ ಶಿಕ್ಷಕರು ಬರೆದು ಕಳಿಸುವ ‘ಪ್ರೆಡಿಕ್ಟೆಡ್ ಗ್ರೇಡ್’, ಅಂದರೆ ಈ ಹುಡುಗ ಇಷ್ಟು ತೆಗೆಯಬಹುದೆಂಬ ಅಂದಾಜು. ಅದನ್ನು ನಂಬಿ ಬ್ರಿಟನ್ನಿನವರು ಷರತ್ತಿನ ಆಫರ್ ಕೊಡುತ್ತಾರೆ. ಜುಲೈ ಅಂಕಿ ಆ ಷರತ್ತಿನ ತಪಾಸಣೆ ಮಾತ್ರ.

ಷರತ್ತನ್ನು ಹತ್ತಿರದಿಂದ ನೋಡಿ. ಐಬಿಯ ಆರು ವಿಷಯಗಳಲ್ಲಿ ಸಾಮಾನ್ಯವಾಗಿ ಮೂರನ್ನು ಹೈಯರ್ ಲೆವೆಲ್‌ನಲ್ಲಿ ಆಳವಾಗಿ, ಮೂರನ್ನು ಸ್ಟ್ಯಾಂಡರ್ಡ್ ಲೆವೆಲ್‌ನಲ್ಲಿ ಓದುತ್ತಾರೆ. ‘ಒಟ್ಟು 38, ಹೈಯರ್ ಲೆವೆಲ್ ವಿಷಯಗಳಲ್ಲಿ 7, 6, 6’ ಎಂದು ಆಫರ್ ಬಂದಿದೆ ಎಂದುಕೊಳ್ಳಿ. ಒಬ್ಬಳಿಗೆ ಹೈಯರ್‌ನಲ್ಲಿ 7, 6, 6, ಸ್ಟ್ಯಾಂಡರ್ಡ್‌ನಲ್ಲಿ 6, 6, 5, ಜೊತೆಗೆ 2, ಒಟ್ಟು 38. ಇನ್ನೊಬ್ಬನಿಗೆ ಹೈಯರ್‌ನಲ್ಲಿ 7, 6, 5, ಸ್ಟ್ಯಾಂಡರ್ಡ್‌ನಲ್ಲಿ 7, 6, 6, ಜೊತೆಗೆ 2, ಒಟ್ಟು 39. ಒಂದಂಕ ಹೆಚ್ಚಿದ್ದರೂ ಷರತ್ತು ತಪ್ಪಿದ್ದು ಅವನಿಗೇ. ವಿಶ್ವವಿದ್ಯಾಲಯ ಮನಸ್ಸು ಮಾಡಿದರೆ ಒಳಗೆ, ಇಲ್ಲವಾದರೆ ಎರಡನೇ ಆಯ್ಕೆಯ ಕಡೆಗೋ, ಖಾಲಿ ಉಳಿದ ಸೀಟುಗಳ ‘ಕ್ಲಿಯರಿಂಗ್’ ಸುತ್ತಿಗೋ. ನಮ್ಮ ರ‍್ಯಾಂಕ್ ಪಟ್ಟಿಯ ಲೆಕ್ಕ ಇಲ್ಲಿ ಕೈಕೊಡುತ್ತದೆ.

ತಪ್ಪು ಕಲ್ಪನೆ: ಶಾಲೆ ಧಾರಾಳವಾಗಿ ಅಂದಾಜು ಬರೆದರೆ ಮಗುವಿಗೆ ಲಾಭ.

ವಾಸ್ತವ: ಅರ್ಜಿ ಹಾಕುವಾಗ ಲಾಭ, ಜುಲೈಯಲ್ಲಿ ನಷ್ಟ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗಿಲ್ ವೈನೆಸ್ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬ್ರಿಟನ್ನಿನ ಎ ಲೆವೆಲ್ (ಅಲ್ಲಿನ ಹನ್ನೆರಡನೇ ತರಗತಿ ಮಟ್ಟದ ಪರೀಕ್ಷೆ) ಅರ್ಜಿದಾರರಲ್ಲಿ ಅಂದಾಜು ಸರಿಹೊಂದಿದ್ದು ಶೇ 16ರಷ್ಟು ಮಂದಿಗೆ ಮಾತ್ರ. ಮುಕ್ಕಾಲು ಪಾಲು ಮಂದಿಗೆ ಶಾಲೆಗಳು ಹೆಚ್ಚೇ ಬರೆದಿದ್ದವು. ಹೆಚ್ಚು ಅಂದಾಜಿಗೆ ಎತ್ತರದ ಆಫರ್ ಬರುತ್ತದೆ, ಎತ್ತರದ ಆಫರಿಗೆ ಕಠಿಣ ಷರತ್ತು ಅಂಟಿಕೊಂಡಿರುತ್ತದೆ. ಅಂದಾಜು ಜಾಸ್ತಿ ಮಾಡಿಸಲು ಶಾಲೆಯ ಬಾಗಿಲಲ್ಲಿ ಕೂರುವ ತಂದೆತಾಯಂದಿರು ಮಗನಿಗೆ ಉಪಕಾರ ಮಾಡುತ್ತಿಲ್ಲ.

ತಪ್ಪು ಕಲ್ಪನೆ: 24 ಅಂಕ ಬಂದರೆ ಡಿಪ್ಲೊಮಾ ಗ್ಯಾರಂಟಿ.

ವಾಸ್ತವ: ಇಲ್ಲ. ಹೈಯರ್‌ನ ಮೂರು ವಿಷಯಗಳಲ್ಲಿ ಕನಿಷ್ಠ 12, ಸ್ಟ್ಯಾಂಡರ್ಡ್‌ನ ಮೂರರಲ್ಲಿ 9 ಬೇಕು, ಯಾವುದರಲ್ಲೂ 1 ಬರಬಾರದು, ಪ್ರಬಂಧದಲ್ಲಿ ಇ ಬಂದರೆ ಮುಗಿಯಿತು. ಅಂಕವೇ ಇಲ್ಲದ ಸೇವೆ, ಆಟೋಟ, ಕಲೆಯ ಚಟುವಟಿಕೆಗಳನ್ನು ಪೂರೈಸದಿದ್ದರೂ ಡಿಪ್ಲೊಮಾ ಸಿಗದು.

ತಪ್ಪು ಕಲ್ಪನೆ: ಮರುಮೌಲ್ಯಮಾಪನಕ್ಕೆ ಹಾಕಿದರೆ ಕಳೆದುಕೊಳ್ಳುವುದೇನೂ ಇಲ್ಲ.

ವಾಸ್ತವ: ಗ್ರೇಡ್ ಇಳಿಯಲೂಬಹುದು. ಅದಕ್ಕೇ ವಿದ್ಯಾರ್ಥಿಯ ಒಪ್ಪಿಗೆ ಕೇಳುತ್ತಾರೆ.

ತಪ್ಪು ಕಲ್ಪನೆ: ಐಬಿ ಓದಿದವರಿಗೆ ಭಾರತದ ಬಾಗಿಲು ಮುಚ್ಚಿದಂತೆ.

ವಾಸ್ತವ: ಭಾರತೀಯ ವಿಶ್ವವಿದ್ಯಾಲಯಗಳ ಸಂಘ 1983ರಿಂದಲೇ ಐಬಿ ಡಿಪ್ಲೊಮಾವನ್ನು ಹನ್ನೆರಡನೇ ತರಗತಿಗೆ ಸಮಾನವೆಂದು ಒಪ್ಪಿದೆ. ಬಾಗಿಲು ತೆರೆದಿದೆ, ಆದರೆ ಹೊಸ್ತಿಲು ಎತ್ತರ. ನೀಟ್‌ಗೆ ಭೌತ, ರಸಾಯನ, ಜೀವವಿಜ್ಞಾನ ಮೂರೂ ಬೇಕು. ಐಬಿಯಲ್ಲಿ ಎರಡು ಭಾಷೆ, ಒಂದು ಸಮಾಜ ವಿಷಯ, ಗಣಿತ ಕಡ್ಡಾಯ. ಕಲೆಯನ್ನು ಕೈಬಿಟ್ಟರೂ ವಿಜ್ಞಾನಕ್ಕೆ ಉಳಿಯುವುದು ಎರಡೇ ಸ್ಥಾನ. ಮೂರನೆಯದಕ್ಕೆ ವಿಶ್ವವಿದ್ಯಾಲಯದ ಅಗತ್ಯ ತೋರಿಸಿ ಐಬಿಯಿಂದ ವಿಶೇಷ ಅನುಮತಿ ಪಡೆಯಬೇಕು. ಅಂದರೆ ಡಾಕ್ಟರ್ ಆಗುವ ಆಸೆ ಇದ್ದವರ ಹಣೆಬರಹ ಹನ್ನೊಂದನೇ ತರಗತಿಯ ಮೊದಲ ವಾರದಲ್ಲೇ ಅರ್ಧ ಬರೆದಾಗಿರುತ್ತದೆ. ಎಂಜಿನಿಯರಿಂಗ್‌ಗೆ ಈ ತೊಡಕಿಲ್ಲ. ಭೌತ, ರಸಾಯನ, ಗಣಿತ ಸಲೀಸಾಗಿ ಕೂರುತ್ತವೆ. ಅಲ್ಲಿ ಕಾಡುವುದು ಕ್ಯಾಲೆಂಡರ್. ನಮ್ಮ ಕೌನ್ಸೆಲಿಂಗ್ ಜೂನ್-ಜುಲೈಯಲ್ಲಿ ಓಡುತ್ತಿರುವಾಗ ಅಂಕಪಟ್ಟಿ ಇನ್ನೂ ಕೈಗೆ ಬಂದಿರುವುದಿಲ್ಲ. ಇದೇ ತಾಪತ್ರಯ ನೀಗಿಸಲು ಕೇಂಬ್ರಿಡ್ಜ್ ಪರೀಕ್ಷಾ ಮಂಡಳಿಯವರು ಭಾರತದ ಶಾಲೆಗಳಿಗೆ ಮಾರ್ಚ್‌ನಲ್ಲೂ ಎ ಲೆವೆಲ್ ಪರೀಕ್ಷೆ ನಡೆಸಿ ಮೇ ತಿಂಗಳಲ್ಲಿ ಫಲಿತಾಂಶ ಕೊಡುತ್ತಾರೆ. ಅವರ ಜೂನ್ ಪರೀಕ್ಷೆಯ ಫಲಿತಾಂಶ ಬರುವುದು ಆಗಸ್ಟ್‌ಗೆ.

ಮಗುವನ್ನು ಇಂಥ ಶಾಲೆಗೆ ಸೇರಿಸುವ ಯೋಚನೆ ಇದ್ದರೆ ಟಾಪರ್ ಯಾರೆಂದು ಕೇಳಬೇಡಿ. ಕಳೆದ ಮೂರು ವರ್ಷಗಳಲ್ಲಿ ಶಿಕ್ಷಕರು ಬರೆದ ಅಂದಾಜಿಗೂ ಮಕ್ಕಳಿಗೆ ಬಂದ ಅಂಕಕ್ಕೂ ಎಷ್ಟು ಅಂತರವಿತ್ತು, ಷರತ್ತು ತಪ್ಪಿದವರು ಎಷ್ಟು ಮಂದಿ ಎಂದು ಕೇಳಿ. ಲೆಕ್ಕ ತೆಗೆದು ಮುಂದಿಡುವ ಶಾಲೆಯನ್ನು ನಂಬಬಹುದು.