ಮೊದಲ ಕಿಮೋಗೆ ಮುಂಚೆ ಆಗಬೇಕಾದ ಪರೀಕ್ಷೆ

ಕಿಮೋ ಶುರುವಾಗುವ ಮುಂಚೆ ಆಸ್ಪತ್ರೆಯಲ್ಲಿ ರೋಗಿಯ ಎತ್ತರ, ತೂಕ ನೋಡುತ್ತಾರೆ. ಆ ಎರಡು ಅಂಕಿಗಳಿಂದ ದೇಹದ ಮೇಲ್ಮೈ ಎಷ್ಟು ಚದರ ಮೀಟರ್ ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಔಷಧದ ಪ್ರಮಾಣ ಗೊತ್ತುಮಾಡುತ್ತಾರೆ. ಈ ಲೆಕ್ಕದ ಹೆಸರಾಂತ ಸೂತ್ರ 1916ರದ್ದು. ಡುಬಾಯ್ಸ್ ಎಂಬ ಹೆಸರಿನ ಇಬ್ಬರು ಅಮೆರಿಕದ ಸಂಶೋಧಕರು ಬೆರಳೆಣಿಕೆಯ ಜನರ ಮೈ ಅಳೆದು ಅದನ್ನು ಕಟ್ಟಿಕೊಟ್ಟರು. ಮೈಯ ಅಳತೆ ಅದರಿಂದ ಸಿಗುತ್ತದೆ, ನಿಜ. ಔಷಧ ಒಳಗೆ ಹೋದ ಮೇಲೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಯಾರಿಗೆ ಎಷ್ಟಿದೆ ಎಂಬುದು ಮಾತ್ರ ಅದರಿಂದ ತಿಳಿಯುವುದಿಲ್ಲ.

ಫ್ಲೋರೋಯುರಾಸಿಲ್ ಎಂಬ ಔಷಧದ ವಿಷಯದಲ್ಲಿ ಇದು ಪ್ರಾಣದ ಪ್ರಶ್ನೆ. ಕರುಳು, ಹೊಟ್ಟೆ, ಸ್ತನ, ಗಂಟಲಿನ ಕ್ಯಾನ್ಸರ್‌ಗಳಿಗೆ ದಶಕಗಳಿಂದ ಕೊಡುತ್ತಿರುವ ಔಷಧವಿದು. ಕೆಪೆಸಿಟಬಿನ್ ಇದರ ಮಾತ್ರೆಯ ರೂಪ. ನುಂಗಿದ ಮೇಲೆ ದೇಹದೊಳಗೆ ಫ್ಲೋರೋಯುರಾಸಿಲ್ ಆಗಿ ಬದಲಾಗುತ್ತದೆ. ಎರಡೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಬಹಳ ಜನ ಇದನ್ನು ತಡೆದುಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ಮೊದಲ ಸೈಕಲ್‌ನಲ್ಲೇ ಬಾಯಿತುಂಬ ಹುಣ್ಣು, ನಿಲ್ಲದ ಭೇದಿ, ಜ್ವರ; ಬಿಳಿ ರಕ್ತಕಣಗಳ ಕೌಂಟ್ ಪಾತಾಳಕ್ಕಿಳಿದು ಐಸಿಯು ಸೇರಬೇಕಾಗುತ್ತದೆ. ಕ್ಯಾನ್ಸರ್‌ನಿಂದಲ್ಲ, ಔಷಧದಿಂದಲೇ ಸಾಯುವವರೂ ಇದ್ದಾರೆ.

ಈ ಔಷಧ ಹುಟ್ಟಿದ ಬಗೆ ಸೊಗಸಾದದ್ದು. ಇಲಿಗಳ ಯಕೃತ್ತಿನ ಗೆಡ್ಡೆ ತನ್ನ ಪಕ್ಕದ ಆರೋಗ್ಯವಂತ ಅಂಗಾಂಶಕ್ಕಿಂತ ಹೆಚ್ಚು ಯುರಾಸಿಲ್ ಹೀರಿಕೊಳ್ಳುತ್ತದೆ ಎಂದು 1950ರ ದಶಕದಲ್ಲಿ ಗೊತ್ತಾಗಿತ್ತು. ಯುರಾಸಿಲ್ ಎಂದರೆ ಆರ್‌ಎನ್‌ಎಯ ಒಂದು ಕಟ್ಟಡಸಾಮಗ್ರಿ. ಗೆಡ್ಡೆಗೆ ಅದರ ಹಸಿವಿದ್ದರೆ ಅದರ ಹೋಲಿಕೆಯ ವಿಷವನ್ನೇ ಕೊಡೋಣ ಎಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೈಡಲ್‌ಬರ್ಗರ್ ಯೋಚಿಸಿದರು. ಯುರಾಸಿಲ್ ಅಣುವಿನ ಐದನೇ ಸ್ಥಾನದಲ್ಲಿರುವ ಹೈಡ್ರೋಜನ್ ತೆಗೆದು ಅಲ್ಲಿ ಫ್ಲೋರಿನ್ ಕೂರಿಸಿದರು. ಗಾತ್ರದಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ಹಾಗಾಗಿ ಜೀವಕೋಶಕ್ಕೆ ಮೋಸ ತಿಳಿಯುವುದಿಲ್ಲ. ಡಿಎನ್‌ಎಗೆ ಬೇಕಾದ ಥೈಮಿನ್ ತಯಾರಿಸುವ ಕಿಣ್ವ ಈ ನಕಲಿ ಅಣುವಿಗೆ ಸಿಕ್ಕಿಹಾಕಿಕೊಂಡು ನಿಂತುಬಿಡುತ್ತದೆ. ಥೈಮಿನ್ ಇಲ್ಲದೆ ಡಿಎನ್‌ಎ ಇಲ್ಲ, ಡಿಎನ್‌ಎ ಇಲ್ಲದೆ ಕೋಶ ಇಬ್ಭಾಗವಾಗುವಂತಿಲ್ಲ. 1957ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಊಹೆಯಿಂದ ಹೊರಟು, ಬೇಕಾದ ಅಣುವನ್ನೇ ಕಟ್ಟಿ ಗೆದ್ದ ಮೊದಮೊದಲ ಕ್ಯಾನ್ಸರ್ ಔಷಧಗಳಲ್ಲಿ ಇದೂ ಒಂದು.

ಒಳಬಂದ ಔಷಧದಲ್ಲಿ ಶೇಕಡಾ 80ಕ್ಕೂ ಹೆಚ್ಚು ಪಾಲನ್ನು ಡಿಪಿಡಿ ಎಂಬ ಕಿಣ್ವ ಮುರಿದು ನಿರುಪಯುಕ್ತ ಮಾಡುತ್ತದೆ. ಈ ಕೆಲಸ ಹೆಚ್ಚಾಗಿ ನಡೆಯುವುದು ಯಕೃತ್ತಿನಲ್ಲಿ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿದಿರುತ್ತದೆ. ವೈದ್ಯರ ಪ್ರಮಾಣದ ಲೆಕ್ಕವೆಲ್ಲ ಈ ವೇಗವನ್ನು ನಂಬಿಕೊಂಡಿದೆ. ಬಚ್ಚಲ ತೂಬು ಅರ್ಧ ಕಟ್ಟಿಕೊಂಡಿದ್ದರೆ ದಿನದ ಸ್ನಾನದ ನೀರೇ ಕಾಲು ಮುಳುಗುವಷ್ಟು ನಿಲ್ಲುತ್ತದಲ್ಲ, ಡಿಪಿಡಿ ಕಡಿಮೆ ಇರುವವರ ದೇಹದಲ್ಲಿ ಆಗುವುದೂ ಅದೇ. ಪ್ರಮಾಣ ಸರಿಯಾಗಿಯೇ ಇರುತ್ತದೆ, ಹೊರಹೋಗುವ ದಾರಿ ಇರುವುದಿಲ್ಲ. ಇವರು ದಿನನಿತ್ಯದ ಬದುಕಿನಲ್ಲಿ ಆರೋಗ್ಯವಾಗಿಯೇ ಇರುತ್ತಾರೆ. ಈ ಔಷಧ ಮೈ ಸೇರುವ ತನಕ ಕೊರತೆ ಇದೆ ಎಂಬ ಸುಳಿವೇ ಸಿಗುವುದಿಲ್ಲ.

ಡಿಪಿಡಿ ಕೈಕೊಟ್ಟರೆ ಏನಾಗುತ್ತದೆಂದು ಜಪಾನ್ 1993ರಲ್ಲಿ ಕಂಡಿತು. ಸರ್ಪಸುತ್ತಿಗೆ ಸೋರಿವುಡಿನ್ ಎಂಬ ಹೊಸ ಔಷಧ ಬಂದಿತ್ತು. ಅದು ದೇಹದಲ್ಲಿ ಒಡೆದಾಗ ಹುಟ್ಟುವ ವಸ್ತು ಡಿಪಿಡಿಯನ್ನು ಪೂರ್ತಿ ಕೆಡಿಸಿಬಿಡುತ್ತದೆ. ಫ್ಲೋರೋಯುರಾಸಿಲ್ ಆಗಿ ಬದಲಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದ ಕ್ಯಾನ್ಸರ್ ರೋಗಿಗಳಿಗೆ ಇದನ್ನೂ ಜೊತೆಗೆ ಕೊಟ್ಟಾಗ 18 ಜನ ಸತ್ತರು. ಆ ರೋಗಿಗಳಲ್ಲಿ ಸೋರಿವುಡಿನ್ ಕೆಡಿಸಿದ ಇದೇ ಕಿಣ್ವ ಕೆಲವರಿಗೆ ಹುಟ್ಟಿನಿಂದಲೇ ದುರ್ಬಲ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯ ಪ್ರಕಾರ ಅಲ್ಲಿನ ಬಿಳಿಯರಲ್ಲಿ ಶೇಕಡಾ 9ರವರೆಗೆ ಜನರಿಗೆ ಡಿಪಿಡಿ ಕಡಿಮೆ, ಶೇಕಡಾ 0.5ರವರೆಗೆ ಜನರಿಗೆ ಅದು ಇಲ್ಲವೇ ಇಲ್ಲ.

ಇದನ್ನು ಮೊದಲೇ ಪತ್ತೆಮಾಡಿದರೆ ಏನು ಲಾಭ? ನೆದರ್‌ಲ್ಯಾಂಡ್ಸ್‌ನ ವೈದ್ಯರು 2,038 ರೋಗಿಗಳನ್ನು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಕೊಟ್ಟರು. ಡಿಪಿಡಿಯ ವಂಶವಾಹಿಯಲ್ಲಿ ಒಂದು ನಿರ್ದಿಷ್ಟ ದೋಷ 22 ಜನರಲ್ಲಿ ಸಿಕ್ಕಿತು. ಇಂಥವರಿಗೆ ಔಷಧವನ್ನು ಸುಮಾರು ಅರ್ಧ ಪ್ರಮಾಣದಿಂದ ಆರಂಭಿಸಿದರು. ಇದೇ ದೋಷವಿದ್ದು ಪೂರ್ತಿ ಪ್ರಮಾಣ ಪಡೆದ ಹಿಂದಿನ ರೋಗಿಗಳಲ್ಲಿ ಶೇಕಡಾ 73 ಜನರಿಗೆ ತೀವ್ರ ಅಡ್ಡಪರಿಣಾಮ ಆಗಿತ್ತು, ಶೇಕಡಾ 10 ಜನ ಔಷಧದಿಂದಲೇ ಸತ್ತಿದ್ದರು. ಪ್ರಮಾಣ ಇಳಿಸಿದವರಲ್ಲಿ ತೀವ್ರ ಪರಿಣಾಮ ಶೇಕಡಾ 28ಕ್ಕೆ ಬಂತು, ಸಾವು ಒಂದೂ ಇಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇಷ್ಟು ಸರಳ ಕ್ರಮದಿಂದ ಇಷ್ಟು ದೊಡ್ಡ ವ್ಯತ್ಯಾಸ ಅಪರೂಪ. 2020ರಲ್ಲಿ ಯುರೋಪಿನ ಸಂಸ್ಥೆ ಚಿಕಿತ್ಸೆಗೆ ಮುಂಚೆ ಈ ಪರೀಕ್ಷೆ ಮಾಡಿಸಿ ಎಂದು ಸಲಹೆ ಕೊಟ್ಟಿತು.

ನಮ್ಮವರು ಈ ಪರೀಕ್ಷೆಯನ್ನು ಅಲ್ಲಿಂದ ಹಾಗೇ ತಂದುಕೊಂಡರೆ ಸಾಲದು. ವಾಡಿಕೆಯಲ್ಲಿ ಹುಡುಕುವ ನಾಲ್ಕು ವಂಶವಾಹಿ ದೋಷಗಳು ಹೆಚ್ಚಾಗಿ ಯುರೋಪಿನ ಜನರ ಅಧ್ಯಯನದಿಂದ ಬಂದವು. ಬೇರೆ ಜನಸಮುದಾಯಗಳಲ್ಲಿ ಬೇರೆ ದೋಷಗಳಿರುತ್ತವೆ. ಹಾಗಾಗಿ ವರದಿ ನಾರ್ಮಲ್ ಎಂದು ಬಂದರೂ ಅಪಾಯ ಪೂರ್ತಿ ತಪ್ಪಿತು ಎನ್ನುವಂತಿಲ್ಲ. ಫ್ರಾನ್ಸ್ ಇನ್ನೊಂದು ದಾರಿ ಹಿಡಿದಿದೆ. ಡಿಪಿಡಿಯ ಸಹಜ ಕೆಲಸವೇ ಯುರಾಸಿಲ್ ಮುರಿಯುವುದು; ಕಿಣ್ವ ಕುಂಟುತ್ತಿದ್ದರೆ ರಕ್ತದಲ್ಲಿ ಯುರಾಸಿಲ್ ಏರುತ್ತದೆ, ಅದನ್ನು ಅಳೆದರೆ ದೋಷ ಯಾವುದಾದರೂ ಸರಿ, ಕೊರತೆ ಗೊತ್ತಾಗುತ್ತದೆ. ಆದರೆ ಸ್ಯಾಂಪಲ್ ಹಾಗೇ ಬೆಚ್ಚಗೆ ಕೂತರೆ ಅದರಲ್ಲಿ ಯುರಾಸಿಲ್ ತಾನಾಗಿ ಏರಿ ಲೆಕ್ಕ ತಪ್ಪುತ್ತದೆ, ಬೇಗ ಲ್ಯಾಬ್ ಸೇರಬೇಕು. ಎರಡೂ ಪರೀಕ್ಷೆಗಳನ್ನು ನಮ್ಮ ಜನರ ಮೇಲೆ ಒರೆಗೆ ಹಚ್ಚುವ ಅಧ್ಯಯನಕ್ಕೆ ಹಣ ಹಾಕಬೇಕು. ಕೋಟಿಗಟ್ಟಲೆ ಬೆಲೆಯ ಹೊಸ ಚಿಕಿತ್ಸೆಗಳ ಸುದ್ದಿ ದಿನವೂ ಬರುತ್ತದೆ. ಸಾಮಾನ್ಯರ ಕೈಗೆಟುಕುವ ಹಳೆಯ ಔಷಧವನ್ನು ಸುರಕ್ಷಿತ ಮಾಡುವುದು ಅದಕ್ಕಿಂತ ಸಣ್ಣ ಕೆಲಸವೇನಲ್ಲ.

ಫ್ಲೋರೋಯುರಾಸಿಲ್ ಮೈಯಲ್ಲಿ ವಿಷವಾದರೆ ಅದಕ್ಕೊಂದು ಪ್ರತ್ಯೌಷಧವೂ ಇದೆ. ಯುರಿಡಿನ್ ಟ್ರೈಅಸಿಟೇಟ್‌ಗೆ ಅಮೆರಿಕ 2015ರಲ್ಲಿ ಒಪ್ಪಿಗೆ ಕೊಟ್ಟಿತು. ಕಿಮೋ ಮುಗಿದ 96 ಗಂಟೆಗಳೊಳಗೆ ಅದನ್ನು ಶುರುಮಾಡಬೇಕು. ಆದ್ದರಿಂದ ಮೊದಲ ಸೈಕಲ್‌ನಲ್ಲಿ ಭೇದಿ, ಬಾಯಿಹುಣ್ಣು ಜೋರಾದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಸಹಿಸಿಕೊಂಡು ಕೂರಬಾರದು, ಅವತ್ತೇ ಫೋನ್ ಮಾಡಬೇಕು, ಮಾತ್ರೆಯಾದರೆ ಮುಂದಿನದನ್ನು ನುಂಗುವ ಮುಂಚೆ ಕೇಳಬೇಕು.

ಜೀವಕ್ಕೆ ಅಪಾಯವಲ್ಲದಿದ್ದರೂ ದಿನವಿಡೀ ಕಾಡುವ ಇನ್ನೊಂದು ಕಷ್ಟ ಕೆಪೆಸಿಟಬಿನ್ ನುಂಗುವವರದು. ಅಂಗೈ ಅಂಗಾಲು ಕೆಂಪಾಗಿ ಉರಿಯುತ್ತವೆ, ಸಿಪ್ಪೆ ಏಳುತ್ತದೆ, ಬಿರಿಯುತ್ತದೆ. ಬಿಸಿ ಲೋಟ ಹಿಡಿಯುವುದೇ ಕಷ್ಟ. ಕೆಲವರ ಬೆರಳ ಗುರುತೇ ಅಳಿಸಿಹೋಗುತ್ತದೆ. ಸಿಂಗಾಪುರದ ಇಂಥ ರೋಗಿಯೊಬ್ಬರನ್ನು ಬೆರಳಚ್ಚು ಮೂಡಲಿಲ್ಲವೆಂದು ಅಮೆರಿಕದ ವಿಮಾನ ನಿಲ್ದಾಣದಲ್ಲಿ ಗಂಟೆಗಟ್ಟಲೆ ತಡೆದಿಟ್ಟ ಪ್ರಸಂಗ 2009ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿ ಅಕ್ಕಿ ತರುವ ನಮ್ಮ ಊರುಗಳಲ್ಲಿ ಇದು ಎಂಥ ತೊಡಕು ಎಂದು ವಿವರಿಸಬೇಕಿಲ್ಲ.

ಅಂಗೈ ಉರಿಯುವ ಈ ಕಷ್ಟಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ದೆಹಲಿಯ ಏಮ್ಸ್‌ನಲ್ಲಿ. ಮಂಡಿನೋವಿಗೆ ಹಚ್ಚುವ ಡೈಕ್ಲೋಫಿನಾಕ್ ಜೆಲ್ ಅನ್ನು 264 ರೋಗಿಗಳ ಅಧ್ಯಯನದಲ್ಲಿ ಪರೀಕ್ಷಿಸಿದರು. ಅರ್ಧದಷ್ಟು ಜನರಿಗೆ ನಿಜವಾದ ಜೆಲ್, ಉಳಿದವರಿಗೆ ಔಷಧವಿಲ್ಲದ ಜೆಲ್. ಯಾರಿಗೆ ಯಾವುದು ಎಂದು ರೋಗಿಗೂ ವೈದ್ಯರಿಗೂ ತಿಳಿಯದಂತೆ ನೋಡಿಕೊಂಡರು. ದಿನಕ್ಕೆರಡು ಸಲ, 12 ವಾರ ಕೈಗೆ ಹಚ್ಚಿಕೊಂಡರು. ಔಷಧವಿಲ್ಲದ ಜೆಲ್ ಹಚ್ಚಿದವರಲ್ಲಿ ಶೇಕಡಾ 15 ಜನರಿಗೆ ತೊಂದರೆ ಎರಡನೇ ಅಥವಾ ಮೂರನೇ ಹಂತಕ್ಕೆ ಹೋಯಿತು, ಡೈಕ್ಲೋಫಿನಾಕ್ ಹಚ್ಚಿದವರಲ್ಲಿ ಶೇಕಡಾ 3.8 ಮಾತ್ರ. 2024ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಜೆಲ್ ಕೊಟ್ಟದ್ದು ತೊಂದರೆ ಬಾರದಂತೆ ತಡೆಯಲು. ಆದ್ದರಿಂದ ಕೆಪೆಸಿಟಬಿನ್ ಬರೆದುಕೊಟ್ಟ ದಿನವೇ ವೈದ್ಯರನ್ನು ಇದರ ಬಗ್ಗೆ ಕೇಳಬೇಕು. ನೋವಿನ ಮಾತ್ರೆಗಳಿಂದ ಅಲರ್ಜಿ ಆಗಿದ್ದರೆ ಅದನ್ನೂ ಆಗಲೇ ಹೇಳಬೇಕು.