ಕಣ್ಣೀರು ಹಾಕಿದರೆ ತೀರಿತೇ?

ಹೇಳಿಕೊಳ್ಳಲು ನಾಚಿಕೆಯಾದರೂ ಹೇಳಿಯೇಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನದೊಂದು ಬೆಂಡೋಲೆ ಕಾಣೆಯಾಯಿತು. ಪಾತ್ರೆ ತಿಕ್ಕಲು ಬರುತ್ತಿದ್ದಾಕೆಯ ಮೇಲೆ ನನಗೆ ಗುಮಾನಿ. ಬೀದಿ ನಲ್ಲಿಯ ಹತ್ತಿರ, ನಾಲ್ಕು ಜನರ ಎದುರಿಗೇ ಕೇಳಿಬಿಟ್ಟೆ. ಆಕೆ ಅತ್ತಳು, ಮಕ್ಕಳ ಮೇಲೆ ಆಣೆ ಇಟ್ಟಳು. ಮರುದಿನದಿಂದ ಬರಲಿಲ್ಲ. ಏಳು ತಿಂಗಳ ಮೇಲೆ ಅಕ್ಕಿ ಡಬ್ಬ ತೊಳೆದು ಬಿಸಿಲಿಗಿಡೋಣ ಅಂತ ಬಗ್ಗಿಸಿದರೆ, ತಳದಿಂದ ಬೆಂಡೋಲೆ ಬಿತ್ತು!

ನಾವು ಕಥೋಲಿಕ ಕ್ರೈಸ್ತರು. ಆ ಶನಿವಾರವೇ ಚರ್ಚಿಗೆ ಹೋಗಿ ಗುರುಗಳ ಬಳಿ ಪಾಪನಿವೇದನೆ ಮಾಡಿದೆ. ಚೆನ್ನಾಗಿ ಅತ್ತೆ. ಅವರು ಎಲ್ಲ ಕೇಳಿ, “ಆಕೆಗೆ ಹೇಳಿದಿರೇನಮ್ಮಾ?” ಅಂದರು. ಇಲ್ಲ ಅಂದೆ. “ಹೇಳಿ” ಅಂದರು, ಅಷ್ಟೇ. ಹೂಂ ಅಂತ ಬಂದವಳು ಹೋಗಲಿಲ್ಲ. ದೇವರ ಮುಂದೆ ಅತ್ತಾಯಿತಲ್ಲ, ಇನ್ನೇನು ಅಂತ ಒಳಮನಸ್ಸು.

ನೀವೇ ನೋಡಿ, ಪಶ್ಚಾತ್ತಾಪ ಅಂದರೆ ಆಮೇಲೆ ಬೇಯುವುದು. ಆದರೆ ಹೊಸ ಒಡಂಬಡಿಕೆಯ ಮೂಲ ಗ್ರೀಕ್ ಭಾಷೆಯಲ್ಲಿರುವ ಮಾತು ಮೆಟನೋಯ, ಅಂದರೆ ಮನಸ್ಸು ಬದಲಾಗುವುದು. ಹಳೆಯ ಪ್ರವಾದಿಗಳ ಹೀಬ್ರೂ ಮಾತಿಗೆ ತಿರುಗಿ ಬರುವುದು ಅಂತ ಅರ್ಥ. ಕನ್ನಡ ಬೈಬಲಿನಲ್ಲೂ ‘ಮಾನಸಾಂತರ’, ‘ದೇವರ ಕಡೆಗೆ ತಿರುಗಿಕೊಳ್ಳುವುದು’ ಎಂಬ ಮಾತುಗಳಿವೆ. ಹಾಲು ಉಕ್ಕಿದಾಗ ಅಯ್ಯೋ ಅನ್ನುವುದು ಬೇರೆ, ಎದ್ದು ಹೋಗಿ ಒಲೆ ಆರಿಸುವುದು ಬೇರೆ. ನಾನು ಅಯ್ಯೋ ಅಂದು ಕೂತಿದ್ದೆ.

ಬರೀ ಬೇಯುವುದು ಅಪಾಯವೂ ಹೌದು. ಮೂವತ್ತು ಬೆಳ್ಳಿ ನಾಣ್ಯಕ್ಕೆ ಯೇಸುವನ್ನು ಹಿಡಿದುಕೊಟ್ಟ ಯೂದನೂ ಬೆಂದ. ಹಣ ವಾಪಸ್ಸು ಕೊಡಲೂ ಹೋದ. ಆದರೆ ಕೊನೆಗೆ ನೇಣು ಹಾಕಿಕೊಂಡ. ಕೋಳಿ ಕೂಗುವ ಮುಂಚೆ ಮೂರು ಸಲ ಯೇಸುವನ್ನು ಅರಿಯೆನೆಂದ ಪೇತ್ರನೂ ಬಿಕ್ಕಿ ಬಿಕ್ಕಿ ಅತ್ತ. ಆತ ಮಾತ್ರ ಸಂಗಡಿಗರ ಜೊತೆಯಲ್ಲೇ ಉಳಿದ. ತಪ್ಪು ಇಬ್ಬರದೂ ದೊಡ್ಡದೇ. ಮತ್ತೆ ಸೇರಿಸಿಕೊಳ್ಳುವವನೊಬ್ಬ ಇದ್ದಾನೆಂಬ ನಂಬಿಕೆ ಇಲ್ಲದೆ ಹೋದರೆ ತಿರುಗಿ ಬರುವುದಾದರೂ ಯಾರ ಬಳಿಗೆ?

ಆದರೆ ನನಗೆ ಚುಚ್ಚಿದ್ದು ಜಕ್ಕಾಯನ ಕಥೆ. ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ, ಹಣವಂತ, ಆಳು ಗಿಡ್ಡ. ಯೇಸುವನ್ನು ನೋಡಲು ಮರ ಹತ್ತಿ ಕೂತ. ಯೇಸು ಮೇಲೆ ನೋಡಿ, ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಅಂದರು. ಗಮನಿಸಿ, ಆತ ಆಗಿನ್ನೂ ಒಂದು ಕಾಸೂ ಕೊಟ್ಟಿರಲಿಲ್ಲ! ಜನ ಗೊಣಗಿದರು. ಪ್ರೀತಿ ಮೊದಲು ಬಂತು, ಲೆಕ್ಕ ಆಮೇಲೆ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್ಸು ಅಂತ ಆತ ನಿಂತು ಹೇಳಿದ. ನಾನೋ, ಒಂದು ಮಾತು ವಾಪಸ್ಸು ಕೊಡಲು ಒದ್ದಾಡುತ್ತಿದ್ದೆ.

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂತು. ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡೆವು. ಹಿಂದಿನ ವರ್ಷದ ಗರಿಗಳನ್ನು ಸುಟ್ಟ ಬೂದಿ ಅದು. ಮೊದಲ ವಾರದ ಶುಕ್ರವಾರ ಪೂಜೆಯಲ್ಲಿ ಓದುವ ಭಾಗ ನಿಮಗೂ ಹಿಡಿಸೀತು: ಕಾಣಿಕೆ ತಂದಾಗ ಯಾರಿಗಾದರೂ ನಿನ್ನ ಮೇಲೆ ಬೇಸರವಿದೆಯೆಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವರೊಂದಿಗೆ ಒಂದಾಗು ಅಂತ. ಅಂದು ನನಗೆ ಪೂಜೆ ಮುಗಿಯುವವರೆಗೆ ಕೂರಲು ಆಗಲಿಲ್ಲ.

ಮನೆಯೊಳಗೆ ಕರೆದು ಗುಟ್ಟಾಗಿ ಹೇಳೋಣ ಅನ್ನಿಸಿತು. ಆದರೆ ಬೈದದ್ದು ನಲ್ಲಿಯ ಹತ್ತಿರ ಅಲ್ಲವೇ? ಅಲ್ಲಿಗೇ ಹೋದೆ. ಕೊಡ ಹಿಡಿದು ನಿಂತ ಹೆಂಗಸರೆಲ್ಲ ಕೇಳುವ ಹಾಗೆ, “ಬೆಂಡೋಲೆ ಅಕ್ಕಿ ಡಬ್ಬದಲ್ಲೇ ಸಿಕ್ತು. ನಿನ್ನದು ಏನೂ ತಪ್ಪಿರಲಿಲ್ಲ. ನಾನೇ ಅನ್ಯಾಯ ಮಾಡಿದೆ” ಅಂದೆ. ಕಾಲು ನಡುಗುತ್ತಿತ್ತು.

ಆಕೆ ತಲೆ ಎತ್ತಲಿಲ್ಲ. “ಯಾವಾಗ ಸಿಕ್ತಮ್ಮಾ?” ಅಂದಳು.

ನಾಲ್ಕು ತಿಂಗಳಾಯಿತು ಅಂದೆ. ಅದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ನನ್ನ ಮಾತು ಕೇಳಿ ಇನ್ನೆರಡು ಮನೆಯವರೂ ಆಕೆಯನ್ನು ಬಿಡಿಸಿದ್ದರಂತೆ. ಮಾರನೆಯ ದಿನ ಆ ಎರಡು ಮನೆಗೂ ನಾನೇ ಹೋಗಿ ಹೇಳಿದೆ. ಒಬ್ಬರು ಮತ್ತೆ ಕರೆದುಕೊಂಡರು. ನಮ್ಮ ಮನೆಗೆ ಆಕೆ ಈಗಲೂ ಬರುವುದಿಲ್ಲ. ಎದುರು ಸಿಕ್ಕಾಗ ಮಾತ್ರ “ಊಟ ಆಯ್ತಾ ಅಮ್ಮಾ” ಅನ್ನುತ್ತಾಳೆ.